ಯಾವ ಧೂಳು, ಯಾರ ಎದೆ

ವಿಕ್ರೋಳಿಯಲ್ಲಿ ದಮ್ಮು ಕಟ್ಟುವ ಕಾಯಿಲೆಗೆ ಮನೆಗೊಂದು ಕಾರಣವಿದೆ. ಕನ್ನಮ್‌ವಾರ್ ನಗರದವರು ಕಾಂಜೂರಿನ ಕಸದ ಗುಡ್ಡದ ಕಡೆ ಕೈ ತೋರಿಸುತ್ತಾರೆ. ಟಾಗೋರ್ ನಗರದವರಿಗೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಹೊಗೆ. ಪಾರ್ಕ್‌ಸೈಟ್ ಕಡೆಯವರಿಗೆ ಹಳೆ ಕಟ್ಟಡ ಒಡೆದು ಟವರ್ ಏರಿಸುವಲ್ಲಿಂದ ಏಳುವ ಸಿಮೆಂಟಿನ ಧೂಳು. ಖಾಡಿ ಬದಿಯ ಕಾಂಡ್ಲಾ ಕಾಡಿನಿಂದ ಬೀಸುವ ಹಸಿ ಗಾಳಿಯನ್ನು ದೂರುವವರಿದ್ದಾರೆ. ಕಿಟಕಿಯ ಜಾಲರಿ ಮೇಲೆ ಕೂರುವ ಪಾರಿವಾಳಗಳನ್ನು ದೂರುವವರು ಅದಕ್ಕಿಂತ ಹೆಚ್ಚು. ಇಷ್ಟೆಲ್ಲ ಆದ ಮೇಲೆ ಯಾರೋ ಒಬ್ಬರು ‘ಅದೆಲ್ಲ ಅಲ್ಲ ಮಾರಾಯ್ರೆ, ನಿಮ್ಮ ಹಾಸಿಗೆಯಲ್ಲೇ ಹುಳ ಇದೆ’ ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಮನೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದ ಒಂದು ನುಸಿ ಅಸ್ತಮಾಕ್ಕೆ ದೊಡ್ಡ ಕಾರಣ ಎಂದು 1964ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಫೋರ್‌ಹಾರ್ಸ್ಟ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ.

ಇವರಲ್ಲಿ ಯಾರು ಸರಿ? ಒಬ್ಬ ವ್ಯಕ್ತಿಯ ಎದೆಯನ್ನು ಹಿಡಿಯುವುದು ಇದೇ ಧೂಳು, ಮತ್ತೊಂದಲ್ಲ ಎಂದು ಹೇಳಲು ನೇರ ದಾರಿ ಒಂದೇ. ಆ ಧೂಳನ್ನು ಅಳತೆ ಮಾಡಿ, ಅದೇ ವ್ಯಕ್ತಿಗೆ ಉಸಿರಿನಲ್ಲಿ ಕೊಟ್ಟು, ಏನಾಗುತ್ತದೆ ಎಂದು ನೋಡುವುದು. ಅಂದರೆ ಕಾಯಿಲೆಯನ್ನು ತಿಳಿಯಲು ಕಾಯಿಲೆಯನ್ನೇ ಬರಿಸುವುದು. ಈ ಪರೀಕ್ಷೆಗೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದನ್ನು ಓದುತ್ತಾ ಹೋದಂತೆ ನನಗೆ ಕುತೂಹಲ ಹುಟ್ಟಿದ್ದು ಪರೀಕ್ಷೆಯ ತಂತ್ರಕ್ಕಿಂತ ಇನ್ನೊಂದು ಪ್ರಶ್ನೆಯಲ್ಲಿ: ಪ್ರತಿ ಸಲವೂ ಉಸಿರು ಕಟ್ಟಿಸಿಕೊಂಡವರು ಯಾರು, ಉತ್ತರ ಸಿಕ್ಕಿದ್ದು ಯಾರಿಗೆ?

ಧೂಳು, ಹೊಗೆ, ತಣ್ಣನೆಯ ಗಾಳಿ ಉಸಿರಾಟದ ಕಾಯಿಲೆಯನ್ನು ತರುತ್ತವೆ ಎಂಬುದು ಹೊಸ ಮಾತಲ್ಲ. ಚರಕಸಂಹಿತೆ ಐದು ಬಗೆಯ ಶ್ವಾಸರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ‘ತಮಕ ಶ್ವಾಸ’ದ ವರ್ಣನೆ ಓದಿದರೆ ನಮ್ಮ ಅಸ್ತಮಾ ಕಣ್ಣಿಗೆ ಕಟ್ಟುತ್ತದೆ: ಮಲಗಿದರೆ ಹೆಚ್ಚಾಗುವುದು, ಎದ್ದು ಕೂತರೆ ತುಸು ನೆಮ್ಮದಿ. ಕಾರಣಗಳ ಪಟ್ಟಿಯಲ್ಲಿ ಧೂಳು ಮತ್ತು ಹೊಗೆ ಎರಡೂ ಇವೆ. ಆದರೆ ‘ಧೂಳು’ ಎನ್ನುವುದು ಒಂದೇ ವಸ್ತುವಿನ ಹೆಸರಲ್ಲ. ರಸ್ತೆಯ ಧೂಳಿನೊಳಗೆ ಏನೇನಿದೆ ಎಂದು ಬಿಡಿಸಿ ನೋಡಿದವನು ಮ್ಯಾಂಚೆಸ್ಟರಿನ ಒಬ್ಬ ವೈದ್ಯ.

ಮುಂಬೈ ಬಂದರಿನಿಂದ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹಡಗೇರಿ ಹೋಗುತ್ತಿದ್ದ ಕಾಲ ಅದು. ಚಾರ್ಲ್ಸ್ ಬ್ಲ್ಯಾಕ್ಲಿ ಅಲ್ಲಿ ಹೋಮಿಯೋಪತಿ ವೈದ್ಯನಾಗಿದ್ದ. ಬೇಸಿಗೆ ಬಂತೆಂದರೆ ಅವನಿಗೆ ಸೀನು, ಕಣ್ಣುರಿ, ಉಬ್ಬಸ. ಇಂಗ್ಲೆಂಡಿನ ವೈದ್ಯರು ಇದನ್ನು ‘ಹೇ ಫೀವರ್’ ಎನ್ನುತ್ತಿದ್ದರು. ಬಿಸಿಲು ಕಾರಣ ಎಂದು ಕೆಲವರು, ಒಣಹುಲ್ಲಿನ ವಾಸನೆ ಎಂದು ಕೆಲವರು, ಓಜೋನ್ ಎಂದು ಮತ್ತೆ ಕೆಲವರು ವಾದಿಸುತ್ತಿದ್ದರು. ಬ್ಲ್ಯಾಕ್ಲಿ ವಾದಕ್ಕೆ ಇಳಿಯಲಿಲ್ಲ. ಒಂದೊಂದನ್ನೇ ತನ್ನ ಮೇಲೆ ಪ್ರಯೋಗಿಸಿದ. ಹುಲ್ಲಿನ ಹೂವಿನ ಪರಾಗವನ್ನು ಒಣಗಿಸಿ ಇಟ್ಟುಕೊಂಡು, ಸೀನಿನ ಕಾಲವೇ ಅಲ್ಲದ ಚಳಿಗಾಲದಲ್ಲಿ ಮೂಗಿಗೆ ಏರಿಸಿದ, ಕಣ್ಣಿಗೆ ಹಾಕಿದ, ತೋಳಿನ ಚರ್ಮ ತರಚಿ ಅಲ್ಲಿ ಉಜ್ಜಿದ, ಉಸಿರಿನಲ್ಲಿ ಎಳೆದುಕೊಂಡ. ಇಂದು ಅಲರ್ಜಿ ಕ್ಲಿನಿಕ್ಕುಗಳಲ್ಲಿ ತೋಳಿನ ಮೇಲೆ ಸಾಲಾಗಿ ಹನಿ ಇಟ್ಟು ಚುಚ್ಚುತ್ತಾರಲ್ಲ, ಆ ಪರೀಕ್ಷೆಯ ಮೂಲ ಅವನ ತರಚು ಗಾಯ.

ಒಮ್ಮೆ ಗಾಡಿಯೊಂದು ಎಬ್ಬಿಸಿದ ಧೂಳು ಮುಖಕ್ಕೆ ಬಡಿದು ಅವನಿಗೆ ವಿಪರೀತ ಸೀನು ಹಿಡಿಯಿತು. ಆ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ಹುಲ್ಲಿನ ಪರಾಗ. ಆಮೇಲೆ ಅಂಟು ಹಚ್ಚಿದ ಗಾಜಿನ ಬಿಲ್ಲೆಗಳನ್ನು ಹೊರಗಿಟ್ಟು ದಿನವೂ ಎಷ್ಟು ಕಣ ಬೀಳುತ್ತದೆ ಎಂದು ಎಣಿಸತೊಡಗಿದ. ಗಾಳಿಪಟಕ್ಕೆ ಬಿಲ್ಲೆ ಕಟ್ಟಿ ಸಾವಿರ ಅಡಿಗೂ ಮೇಲೆ ಹಾರಿಸಿದ. ಅಷ್ಟು ಎತ್ತರದಲ್ಲೂ ಪರಾಗವಿತ್ತು. 1873ರಲ್ಲಿ ಈ ಎಲ್ಲವನ್ನೂ ಪುಸ್ತಕವಾಗಿ ಪ್ರಕಟಿಸಿದ. ಚಾರ್ಲ್ಸ್ ಡಾರ್ವಿನ್ ಅದನ್ನು ಓದಿ ಅವನಿಗೆ ಪತ್ರ ಬರೆದ. ಪುಸ್ತಕದಲ್ಲಿ ಒಂದು ಚಿಕ್ಕ ಪ್ರಸಂಗ ಬರುತ್ತದೆ. ಒಣಹುಲ್ಲಿನ ಮೇಲೆ ಬೆಳೆದ ಬೂಷ್ಟಿನ ಕಣಗಳನ್ನು ಉಸಿರಾಡಿದಾಗ ಅವನ ಗಂಟಲು ಒಡೆದು, ದನಿಯೇ ಹೋಗಿ, ಎದೆ ಕಟ್ಟಿತು. ಆ ಒಂದು ಪ್ರಯೋಗವನ್ನು ಅವನು ಮತ್ತೆ ಮಾಡಲು ಒಪ್ಪಲಿಲ್ಲ. ಉಳಿದುದನ್ನೆಲ್ಲ ಹತ್ತಾರು ಸಲ ಮಾಡಿಕೊಂಡಿದ್ದ ಮನುಷ್ಯ ಅವನು.

ಬ್ಲ್ಯಾಕ್ಲಿಯ ಪರೀಕ್ಷೆಯಲ್ಲಿ ಒಂದು ಕೊರತೆ ಇತ್ತು. ತಾನು ಏನನ್ನು ಮೂಸುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. 1886ರಲ್ಲಿ ಬಾಲ್ಟಿಮೋರಿನ ವೈದ್ಯ ಜಾನ್ ಮೆಕೆಂಜಿ, ಗುಲಾಬಿ ಕಂಡರೆ ಉಬ್ಬಸ ಬರುತ್ತದೆ ಎನ್ನುತ್ತಿದ್ದ ತನ್ನ ರೋಗಿಯ ಮುಂದೆ ಗುಲಾಬಿಯೊಂದನ್ನು ಹಿಡಿದ. ರೋಗಿಗೆ ಸೀನು ಶುರುವಾಯಿತು, ಮೂಗು ಕಟ್ಟಿತು. ಆ ಗುಲಾಬಿ ಕೃತಕವಾದದ್ದು. ಇದನ್ನು ‘ಎಲ್ಲ ಮನಸ್ಸಿನ ಭ್ರಮೆ’ ಎನ್ನುವುದಕ್ಕೆ ಬಹಳ ಕಾಲ ಬಳಸಿದರು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಇಂದು ಧೂಳಿನ ಸಾರವನ್ನು ಕೊಡುವ ಮುನ್ನ ಬರೀ ಉಪ್ಪುನೀರಿನ ಮಂಜನ್ನು ಉಸಿರಾಡಿಸಿ ನೋಡುತ್ತಾರೆ. ಆ ಉಪ್ಪುನೀರು ಮೆಕೆಂಜಿಯ ಕೃತಕ ಗುಲಾಬಿಯ ವಂಶದ್ದು.

ಇನ್ನೂ ಒಂದು ಬೇಕಿತ್ತು, ಅಂಕಿ. ‘ಎದೆ ಬಿಗಿಯಿತು’ ಎನ್ನುವುದು ಅಳತೆಯಲ್ಲ. ಅದನ್ನು ಒದಗಿಸಿದವರು ಪ್ಯಾರಿಸ್ಸಿನ ರಾಬೆರ್ ತಿಫ್ನೋ ಮತ್ತು ಪಿನೆಲ್ಲಿ, 1947ರಲ್ಲಿ. ಎದೆ ತುಂಬ ಗಾಳಿ ಎಳೆದು ಜೋರಾಗಿ ಊದಿದರೆ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ? ಇಂದು ಎಫ್‌ಇವಿ-1 ಎನ್ನುವ ಈ ಒಂದು ಅಂಕಿ ಅಸ್ತಮಾ ಕ್ಲಿನಿಕ್ಕಿನ ತಕ್ಕಡಿಯಾಗಿದೆ. ನಾಳ ಕಿರಿದಾದರೆ ಆ ಮೊದಲ ಸೆಕೆಂಡಿನ ಗಾಳಿ ಕಡಿಮೆಯಾಗುತ್ತದೆ. ಇಳಿಕೆ ನೂರಕ್ಕೆ 20 ಆದರೆ ಪರೀಕ್ಷೆ ಅಲ್ಲಿಗೆ ನಿಲ್ಲಬೇಕು ಎಂಬ ನಿಯಮ ನಂತರ ಬಂತು.

1952ರಲ್ಲಿ ಲಂಡನ್ನಿನಲ್ಲಿದ್ದ ಹೆರ್ಬರ್ಟ್ ಹೆರ್ಕ್ಸ್‌ಹೈಮರ್ ಇನ್ನೊಂದು ಸಂಗತಿಯತ್ತ ಗಮನ ಸೆಳೆದ. ಧೂಳು ಕೊಟ್ಟ ಹತ್ತು ನಿಮಿಷದಲ್ಲಿ ಉಬ್ಬಸ ಬಂದು ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ವೈದ್ಯರು ‘ಸರಿ, ಮನೆಗೆ ಹೋಗಿ’ ಎನ್ನುತ್ತಾರೆ. ಆದರೆ ಹಲವರಲ್ಲಿ ಕೆಲವು ಗಂಟೆಗಳ ನಂತರ ಎರಡನೆಯ ಅಲೆ ಏಳುತ್ತದೆ. ಅದು ನಿಧಾನವಾಗಿ ಬರುತ್ತದೆ, ನಿಧಾನವಾಗಿ ಹೋಗುತ್ತದೆ. ಬೆಳಿಗ್ಗೆ ಗೋಡೌನಿನಲ್ಲಿ ಧೂಳು ಕುಡಿದವನಿಗೆ ರಾತ್ರಿ ಹಾಸಿಗೆಯಲ್ಲಿ ದಮ್ಮು ಕಟ್ಟಿದರೆ ಅವನು ಗೋಡೌನನ್ನು ಹೇಗೆ ಅನುಮಾನಿಸಿಯಾನು? ತನ್ನ ತಲೆದಿಂಬನ್ನೇ ಅನುಮಾನಿಸುತ್ತಾನೆ. ನಮ್ಮ ಬೀದಿಯ ಎಷ್ಟೋ ಸಿದ್ಧಾಂತಗಳು ತಪ್ಪುವುದು ಇಲ್ಲಿಯೇ ಇರಬೇಕು.

ತನ್ನ ಎದೆಯನ್ನೇ ಪ್ರಯೋಗಶಾಲೆ ಮಾಡಿಕೊಂಡವರಲ್ಲಿ ಬ್ಲ್ಯಾಕ್ಲಿಯನ್ನೂ ಮೀರಿಸಿದವನು ರಾಜರ್ ಆಲ್ಟೂನ್ಯನ್. ಹುಟ್ಟಿದ್ದು 1922ರಲ್ಲಿ, ಅವನ ಮನೆತನ ಸಿರಿಯಾದ ಅಲೆಪ್ಪೋದಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಅರ್ಮೇನಿಯನ್ ಮನೆತನ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು, ಆಮೇಲೆ ವೈದ್ಯನಾದ. ಅಸ್ತಮಾ ಇತ್ತು. ಇಂಗ್ಲೆಂಡಿನ ಚೆಷೈರ್‌ನ ಒಂದು ಔಷಧ ಕಂಪನಿಯಲ್ಲಿ ಅವನು ಕೆಲಸಕ್ಕೆ ಸೇರಿದಾಗ, ಪೂರ್ವ ಮೆಡಿಟರೇನಿಯನ್ ಕಡೆಯ ಒಂದು ಗಿಡದ ಬೀಜದಲ್ಲಿರುವ ಖೆಲ್ಲಿನ್ ಎಂಬ ವಸ್ತುವಿನಿಂದ ಹೊಸ ಔಷಧ ಮಾಡುವ ಪ್ರಯತ್ನ ನಡೆದಿತ್ತು. ಪ್ರಾಣಿಗಳ ಮೇಲಿನ ಪರೀಕ್ಷೆ ಮನುಷ್ಯರ ಅಸ್ತಮಾಕ್ಕೆ ಹೊಂದುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ತನಗೆ ಗಿನಿಪಿಗ್ ಎಂಬ ಇಲಿಯಂಥ ಪ್ರಾಣಿಯ ಕೂದಲು ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆ ಕೂದಲನ್ನು ನೆನೆಸಿ ಸಾರು ತೆಗೆದ. ಹೊಸ ರಾಸಾಯನಿಕವೊಂದನ್ನು ಮೊದಲು ಉಸಿರಾಡುವುದು, ಆಮೇಲೆ ಆ ಕೂದಲ ಸಾರನ್ನು ಉಸಿರಾಡುವುದು, ಉಬ್ಬಸ ಎಷ್ಟು ಬಂತೆಂದು ಅಳೆಯುವುದು. ವಾರಕ್ಕೆ ಎರಡು ಮೂರು ಸಲದಂತೆ ವರ್ಷಗಟ್ಟಲೆ ಹೀಗೇ ನಡೆಯಿತು. ನೂರಾರು ಸಲ ತನಗೆ ತಾನೇ ಅಸ್ತಮಾ ತಂದುಕೊಂಡ.

1965ರಲ್ಲಿ ಫಲ ಸಿಕ್ಕಿತು. ಅದೇ ಸೋಡಿಯಂ ಕ್ರೋಮೋಗ್ಲೈಕೇಟ್. ಬಂದ ಉಬ್ಬಸವನ್ನು ಇಳಿಸುವ ಔಷಧವಲ್ಲ ಅದು, ಮೊದಲೇ ತೆಗೆದುಕೊಂಡರೆ ಬರದಂತೆ ತಡೆಯುತ್ತಿತ್ತು. ಅದನ್ನು ಪುಡಿಯಾಗಿ ಎಳೆದುಕೊಳ್ಳಲು ಒಳಗೆ ಪುಟ್ಟ ಪಂಖವಿದ್ದ ಸಾಧನವೂ ಬಂತು. ವಿಮಾನದ ಪ್ರೊಪೆಲರ್ ಗೊತ್ತಿದ್ದವನ ಕಲ್ಪನೆ ಅದು. ‘ಸ್ಪಿನ್‌ಹೇಲರ್’ ಎಂಬ ಹೆಸರಿನ ಆ ಸಾಧನ ಇಂದಿನ ಪುಡಿ ಇನ್‌ಹೇಲರುಗಳ ಹಿರಿಯಣ್ಣ. ಆಲ್ಟೂನ್ಯನ್ 1987ರಲ್ಲಿ ತೀರಿಕೊಂಡ. ಆರ್ಥರ್ ರಾನ್ಸಮ್ ಬರೆದ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ ಎಂಬ ಮಕ್ಕಳ ಕಾದಂಬರಿಯ ಪುಟ್ಟ ರಾಜರ್‌ಗೆ ಮಾದರಿ ಇವನೇ. ಅಸ್ತಮಾಕ್ಕೂ ಅದಕ್ಕೂ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

ಇದೇ ಕಾಲಕ್ಕೆ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ಜ್ಯಾಕ್ ಪೆಪಿಸ್ ಎಂಬ ವೈದ್ಯ ಪರೀಕ್ಷೆಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದ. ಅವನ ಬಳಿ ಬರುತ್ತಿದ್ದವರಲ್ಲಿ ಕಾರ್ಖಾನೆಯ ಕೆಲಸಗಾರರು ಬಹಳ. ಅವರಿಗೆ ಬಾಟಲಿಯ ಸಾರು ಕೊಡುವ ಬದಲು ಅವರ ಕೆಲಸವನ್ನೇ ಒಂದು ಚಿಕ್ಕ ಕೋಣೆಯಲ್ಲಿ ಮಾಡಿಸಿದ. ಬಣ್ಣ ಬಳಿಯುವವನು ಬಣ್ಣ ಬಳಿಯಬೇಕು. ಪುಡಿಯ ಕೆಲಸದವನು ಹಾಲಿನ ಸಕ್ಕರೆಯಲ್ಲಿ ಬೆರೆಸಿದ ಆ ಪುಡಿಯನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸುರಿಯುತ್ತಾ ಕೂರಬೇಕು. ಹೊರಗೆ ವೈದ್ಯರು ಗಂಟೆಗೊಮ್ಮೆ ಊದಿಸಿ ಅಳೆಯುತ್ತಾರೆ. ಈ ಉತ್ತರಕ್ಕೆ ಬೇರೆಯದೇ ತೂಕವಿತ್ತು. ‘ನಿನ್ನ ಕೆಲಸವೇ ನಿನ್ನ ಕಾಯಿಲೆ’ ಎಂಬ ಚೀಟಿ ಸಿಕ್ಕರೆ ಪರಿಹಾರವೂ ಸಿಗಬಹುದು, ಕೆಲಸವೂ ಹೋಗಬಹುದು.

ವಿಕ್ರೋಳಿಯ ಪಾರಿವಾಳಗಳೂ ಈ ಬ್ರಾಂಪ್ಟನ್ ಕಥೆಯೊಳಗಿವೆ. 1966ರಲ್ಲಿ ಫ್ರೆಡ್ಡಿ ಹಾರ್‌ಗ್ರೀವ್, ಪೆಪಿಸ್ ಮತ್ತು ಸಂಗಡಿಗರು ಪಾರಿವಾಳ, ಗಿಳಿ ಸಾಕುವವರಿಗೆ ಬರುವ ಶ್ವಾಸಕೋಶದ ಕಾಯಿಲೆಯನ್ನು ಉಸಿರಿನ ಪರೀಕ್ಷೆಯಿಂದಲೇ ವಿವರಿಸಿದರು. ಹಕ್ಕಿಯ ಹಿಕ್ಕೆ, ಗರಿ, ರಕ್ತಸಾರಕ್ಕೆ ಸಂಬಂಧಿಸಿದ ಸಾರವನ್ನು ಉಸಿರಾಡಿದ ಹಲವು ಗಂಟೆಗಳ ಮೇಲೆ ಜ್ವರ, ಮೈನೋವು, ಏದುಸಿರು. ಇದು ಅಸ್ತಮಾ ಅಲ್ಲ, ನಾಳದ ಕಾಯಿಲೆಗಿಂತ ಆಳದ್ದು. ಗಾಳಿಚೀಲಗಳೇ ಉರಿಯೂತಕ್ಕೆ ಒಳಗಾಗಿ, ವರ್ಷಗಳಲ್ಲಿ ಗಡುಸಾಗುತ್ತವೆ. 2025ರಲ್ಲಿ ದಾದರಿನ ಕಬೂತರ್‌ಖಾನೆ ಮುಚ್ಚಿದಾಗ ಮುಂಬೈಯಲ್ಲಿ ನಡೆದ ಜಗಳದಲ್ಲಿ ಅಸ್ತಮಾ, ಅಲರ್ಜಿ, ಈ ಕಾಯಿಲೆ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದರು. ಬೇರೆ ಬೇರೆ ಎಂದು ತೋರಿಸಿಕೊಟ್ಟದ್ದೇ ಅರವತ್ತು ವರ್ಷ ಹಿಂದಿನ ಆ ಪರೀಕ್ಷೆ.

ಹಾರ್‌ಗ್ರೀವ್ ಮುಂದೆ ಕೆನಡಾದ ಹ್ಯಾಮಿಲ್ಟನ್‌ಗೆ ಹೋದ. ಅಲ್ಲಿ ಡಾನ್ ಕಾಕ್‌ಕ್ರಾಫ್ಟ್ ಮತ್ತಿತರರ ಜೊತೆ 1977ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಜಗತ್ತಿನ ಬಹುಪಾಲು ಪ್ರಯೋಗಾಲಯಗಳ ಅಡಿಪಾಯ. ಅದರಲ್ಲಿ ಧೂಳೇ ಇಲ್ಲ. ಹಿಸ್ಟಮಿನ್ ಅಥವಾ ಮೆಥಾಕೋಲಿನ್ ಎಂಬ ರಾಸಾಯನಿಕದ ಮಂಜನ್ನು ಎರಡು ನಿಮಿಷ ಸಹಜವಾಗಿ ಉಸಿರಾಡಬೇಕು. ಊದಿ ಅಳೆಯಬೇಕು. ಪ್ರಮಾಣ ಇಮ್ಮಡಿ ಮಾಡಿ ಮತ್ತೆ. ಎಫ್‌ಇವಿ-1 ನೂರಕ್ಕೆ 20 ಇಳಿಯುವ ತನಕ ಇದೇ. ಆರೋಗ್ಯವಂತನ ನಾಳವೂ ಸಾಕಷ್ಟು ಕೊಟ್ಟರೆ ಕಿರಿದಾದೀತು. ಅಸ್ತಮಾ ಇರುವವನದು ತೀರ ಕಡಿಮೆಗೇ ಮುದುಡುತ್ತದೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಬೇಕು. ನಾಳ ಎಷ್ಟು ಮುಂಗೋಪಿ ಎಂಬುದು ಒಂದು. ಅದಕ್ಕೆ ಯಾವುದರ ಮೇಲೆ ಕೋಪ ಎಂಬುದು ಇನ್ನೊಂದು. ಮೆಥಾಕೋಲಿನ್ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅದೇ 1977ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಸಂಗಡಿಗರು ಇವೆರಡರ ನಂಟನ್ನೂ ತೋರಿಸಿದರು. ಅಲರ್ಜಿಯ ಧೂಳನ್ನು ಒಮ್ಮೆ ಉಸಿರಾಡಿದರೆ, ಉಬ್ಬಸ ಇಳಿದ ಮೇಲೂ ಕೆಲವು ದಿನ ನಾಳ ಮೊದಲಿಗಿಂತ ಹೆಚ್ಚು ಮುಂಗೋಪಿಯಾಗಿರುತ್ತದೆ. ಆಗ ತಣ್ಣನೆ ಗಾಳಿ, ಅಗರಬತ್ತಿ, ಒಗ್ಗರಣೆಯ ಘಾಟು, ನಗು ಏನಾದರೂ ಸಾಕು. ಸೋಮವಾರದ ಧೂಳಿಗೆ ಬುಧವಾರದ ಅಗರಬತ್ತಿ ಬೈಸಿಕೊಳ್ಳುತ್ತದೆ.

ಧೂಳಿನ ಸಾರವನ್ನೇ ಕೊಡುವ ಪರೀಕ್ಷೆ ಇಂದು ರೋಗಿಗಳಿಗೆ ಮಾಡುವುದು ಅಪರೂಪ. ಬಹುಪಾಲು ನಡೆಯುವುದು ಹೊಸ ಔಷಧಗಳ ಪ್ರಯೋಗದಲ್ಲಿ, ಅಸ್ತಮಾ ತುಂಬ ಹಗುರವಾಗಿರುವ ಸ್ವಯಂಸೇವಕರ ಮೇಲೆ. ಆ ಎರಡನೆಯ ಅಲೆಗಾಗಿ ಏಳೆಂಟು ಗಂಟೆ ಕೂರಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಆಕ್ಸಿಜನ್, ನೆಬ್ಯುಲೈಜರ್. ಆ ಎಚ್ಚರಿಕೆಯ ಬೆಲೆ ಏನೆಂದು ತಿಳಿಸಿದ ಘಟನೆ 2001ರದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಆರೋಗ್ಯವಂತರ ಶ್ವಾಸನಾಳ ಹೇಗೆ ತನ್ನನ್ನು ತಾನು ತೆರೆದಿಟ್ಟುಕೊಳ್ಳುತ್ತದೆ ಎಂದು ತಿಳಿಯುವ ಅಧ್ಯಯನ ನಡೆದಿತ್ತು. ಅಲ್ಲೇ ತಂತ್ರಜ್ಞೆಯಾಗಿದ್ದ 24 ವರ್ಷದ ಎಲೆನ್ ರೋಷ್ ಸ್ವಯಂಸೇವಕಿಯಾಗಿ ಸೇರಿ ಹೆಕ್ಸಾಮೆಥೋನಿಯಂ ಎಂಬ ವಸ್ತುವನ್ನು ಉಸಿರಾಡಿದಳು. ಶ್ವಾಸಕೋಶ ಹಾಳಾಗಿ ಜೂನ್ 2ರಂದು ತೀರಿಕೊಂಡಳು. ಆಕೆಗೆ ಅಸ್ತಮಾ ಇರಲಿಲ್ಲ. ಆ ವಸ್ತು ಶ್ವಾಸಕೋಶಕ್ಕೆ ಹಾನಿ ಮಾಡಬಹುದು ಎಂಬ ವರದಿಗಳು 1950ರ ದಶಕದ ನಿಯತಕಾಲಿಕಗಳಲ್ಲಿದ್ದವು. ಸಂಶೋಧಕರು ಹುಡುಕಿದ ಕಂಪ್ಯೂಟರ್ ಸೂಚಿ 1966ರಿಂದ ಈಚಿನದನ್ನು ಮಾತ್ರ ತೋರಿಸುತ್ತಿತ್ತು. ಮನುಷ್ಯರ ಮೇಲೆ ಸರ್ಕಾರಿ ಹಣದಿಂದ ಅಲ್ಲಿ ನಡೆಯುತ್ತಿದ್ದ ಬಹುತೇಕ ಎಲ್ಲ ಸಂಶೋಧನೆಯನ್ನೂ ಕೆಲ ದಿನ ನಿಲ್ಲಿಸಲಾಯಿತು.

ಈ ಇತಿಹಾಸಕ್ಕೆ ನಾನು ಬಂದದ್ದು ಭಾಷೆಯ ಬಾಗಿಲಿನಿಂದ. ಔಷಧ ಪ್ರಯೋಗಗಳ ಒಪ್ಪಿಗೆ ಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ದುಡಿಮೆಯ ಒಂದು ಭಾಗ. ಉಸಿರಿನ ಪರೀಕ್ಷೆಯ ಇಂಥದೊಂದು ಪತ್ರದಲ್ಲಿ ಮೊದಲ ತೊಡಕು ಪರೀಕ್ಷೆಯ ಹೆಸರೇ. ಇಂಗ್ಲಿಷಿನಲ್ಲಿ ‘ಚಾಲೆಂಜ್’ ಎನ್ನುತ್ತಾರೆ, ‘ಪ್ರೊವೊಕೇಶನ್’ ಎಂದೂ ಹೇಳುತ್ತಾರೆ. ‘ಸವಾಲು’ ಎಂದರೆ ಕುಸ್ತಿಯ ಅಖಾಡ ನೆನಪಾಗುತ್ತದೆ. ‘ಪ್ರಚೋದನೆ’ ಎಂದರೆ ಪತ್ರಿಕೆಯ ಅಪರಾಧದ ಪುಟ. ನಾನು ‘ಶ್ವಾಸನಾಳವನ್ನು ಕೆಣಕಿ ನೋಡುವ ಪರೀಕ್ಷೆ’ ಎಂದು ಬರೆದೆ. ಕೆಣಕುವುದು ಎಂದರೆ ಏನೆಂದು ಬೀದರಿನಿಂದ ಕಾಸರಗೋಡಿನ ತನಕ ಎಲ್ಲರಿಗೂ ಗೊತ್ತು, ಕೆಣಕಿದರೆ ಏನಾದರೂ ಆಗುತ್ತದೆ ಎಂಬುದೂ ಗೊತ್ತು.

ಕಾಯಿಲೆಯ ಹೆಸರಿನದು ಇನ್ನೊಂದು ಪಾಡು. ‘ಅಸ್ತಮಾ’ ಎಲ್ಲರಿಗೂ ತಿಳಿದ ಪದವೇ, ಆದರೆ ತಮಗೆ ಅದು ಇದೆ ಎಂದು ಒಪ್ಪಿಕೊಳ್ಳಲು ಜನ ಹಿಂದೆಗೆಯುತ್ತಾರೆ. ‘ದಮ್ಮು’ ಎನ್ನುವುದು ಉಸಿರು ಎಂಬ ಅರ್ಥದ ಪಾರ್ಸಿ ಪದ. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ನಡೆಯುತ್ತದೆ, ಮರಾಠಿಯ ‘ದಮಾ’ ಅದರ ಸೋದರ. ‘ಉಬ್ಬಸ’ ಎಂದರೆ ಕಾಣುವ ಲಕ್ಷಣ, ‘ಗೂರಲು’ ಎಂದರೆ ಕೇಳುವ ಸದ್ದು. ಸಂಶೋಧಕರ ಪ್ರಶ್ನಾವಳಿಯಲ್ಲಿ ಎದೆಯ ‘ಸಿಳ್ಳೆ’ಯ ಬಗ್ಗೆ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಯಾವ ಪದ ಹಾಕಿದರೆ ಎಷ್ಟು ಜನ ‘ಹೌದು’ ಎನ್ನುತ್ತಾರೆ ಎಂಬುದರ ಮೇಲೆ ಊರಿನ ಅಸ್ತಮಾದ ಶೇಕಡಾವಾರು ಏರಿಳಿಯುತ್ತದೆ.

ಅದೇ ಪತ್ರದಲ್ಲಿ ಮೂಲ ಇಂಗ್ಲಿಷ್ ‘ಅನಾನುಕೂಲ’ ಎಂಬರ್ಥದ ಪದ ಬಳಸಿತ್ತು. ನಾನು ‘ಉಸಿರು ಕಟ್ಟಿದಂತಾಗಿ ಭಯವಾಗಬಹುದು’ ಎಂದು ಹಾಕಿದೆ. ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುವ ಪದ್ಧತಿ ಇದೆ. ಅಲ್ಲಿ ಸಿಕ್ಕಿಬಿತ್ತು. ‘ಮೂಲದಲ್ಲಿ ಭಯ ಇಲ್ಲ’ ಎಂಬ ಟಿಪ್ಪಣಿಯೊಂದಿಗೆ ಹಿಂದೆ ಬಂತು. ಇಲ್ಲ, ನಿಜ. ದಮ್ಮು ಕಟ್ಟಿದಾಗ ಇರುತ್ತದೆ. ನಾಲ್ಕು ಸುತ್ತು ಮಾತುಕತೆಯ ಮೇಲೆ ‘ಉಸಿರು ಕಟ್ಟಿದಂತಾಗಬಹುದು’ ಉಳಿಯಿತು, ‘ಭಯ’ ಹೋಯಿತು.

ನಮ್ಮ ದೇಶದಲ್ಲಿ ಅಲರ್ಜಿಯ ಅಧ್ಯಯನಕ್ಕೆ ನೆಲೆ ಕೊಟ್ಟದ್ದು ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್, ಅಲ್ಲಿ ಆ ಕೆಲಸಕ್ಕೆ ಮುಂದಾಳು ಡಾ. ಡಿ. ಎನ್. ಶಿವಪುರಿ. ಗಾಳಿಯಲ್ಲಿ ಯಾವ ತಿಂಗಳು ಯಾವ ಪರಾಗ ಹಾರುತ್ತದೆ ಎಂದು ಲೆಕ್ಕ ಹಿಡಿದು, ಇಲ್ಲಿನ ಗಿಡಗಳಿಂದಲೇ ಪರೀಕ್ಷೆಯ ಸಾರ ತಯಾರಿಸುವ ಕೆಲಸ ನಡೆಯಿತು. ನಾವು ಆಡುಮುಟ್ಟದ ಬಳ್ಳಿ ಎನ್ನುವ ಗಿಡದ ಎಲೆಯನ್ನು ಅಸ್ತಮಾ ರೋಗಿಗಳಿಗೆ ದಿನಕ್ಕೊಂದರಂತೆ ಆರು ದಿನ ಅಗಿಯಲು ಕೊಟ್ಟು 1960ರ ದಶಕದ ಕೊನೆಯಲ್ಲಿ ಪರೀಕ್ಷಿಸಿದ್ದೂ ಶಿವಪುರಿಯವರೇ. ಮೊದಲು ಆಸೆ ಹುಟ್ಟಿಸಿದ ಎಲೆ ನಂತರದವರ ಪರೀಕ್ಷೆಗಳಲ್ಲಿ ಒಂದೇ ರೀತಿ ನಡೆದುಕೊಳ್ಳಲಿಲ್ಲ.

ಕನ್ನಡನಾಡಿನಲ್ಲಿ ಈ ವಿಚಾರಣೆ ನಡೆದದ್ದು ಒಂದು ಕಳೆಯ ಮೇಲೆ. ಪಾರ್ಥೇನಿಯಂ, ನಮ್ಮ ಬಾಯಲ್ಲಿ ಕಾಂಗ್ರೆಸ್ ಹುಲ್ಲು, 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದ ಪಿಎಲ್-480 ಗೋಧಿಯ ಜೊತೆ ಬಂತೆನ್ನುತ್ತಾರೆ. ಎರಡು ದಶಕದಲ್ಲಿ ಬೆಂಗಳೂರಿನ ಖಾಲಿ ಸೈಟುಗಳನ್ನೆಲ್ಲ ತುಂಬಿತು. ಇದು ಚರ್ಮಕ್ಕೆ ತಾಗಿದರೆ ಕೆಟ್ಟ ತುರಿಕಜ್ಜಿ ಬರುತ್ತದೆ ಎಂಬುದು 1970ರ ದಶಕದಲ್ಲೇ ಸಾಬೀತಾಗಿತ್ತು. ಉಸಿರಿನ ಮಾತು? ಬೆಂಗಳೂರು ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ ಒಂದು ಗಿಡ ಸುಮಾರು 62 ಕೋಟಿ ಪರಾಗಕಣ ಬಿಡುತ್ತದೆ ಎಂದು ಲೆಕ್ಕ ಹಾಕಿದರು. ಅದೇ ವಿಶ್ವವಿದ್ಯಾಲಯದ ಶ್ರೀಪಾದ ಆಗಾಶೆ ಬೆಂಗಳೂರಿನ ಗಾಳಿಯ ಪರಾಗವನ್ನು ವರ್ಷಗಟ್ಟಲೆ ಹಿಡಿದು ಎಣಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನವರಲ್ಲಿ ನೂರಕ್ಕೆ ಏಳು ಜನರ ಮೂಗಿನ ಅಲರ್ಜಿಗೆ ಕಾರಣ ಈ ಕಳೆ. ಮೂಗಿನ ಅಲರ್ಜಿಯ ರೋಗಿಗಳಲ್ಲಿ 34% ಮಂದಿಯ ಚರ್ಮ ಪಾರ್ಥೇನಿಯಂ ಸಾರಕ್ಕೆ ದದ್ದೆದ್ದಿತು, ಅಸ್ತಮಾ ರೋಗಿಗಳಲ್ಲಿ 12%.

ಮೂಗಿಗೂ ಎದೆಗೂ ಇರುವ ಈ ಅಂತರ ಗಮನಿಸಬೇಕಾದದ್ದು. ಇಡೀ ಪರಾಗಕಣ ದೊಡ್ಡದು. ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಸಣ್ಣ ನಾಳಗಳ ತನಕ ಇಳಿಯುವುದು ಕಷ್ಟ. ಹಾಗಾದರೆ ಪರಾಗದಿಂದ ಅಸ್ತಮಾ ಬರುವುದು ಹೇಗೆ? 1992ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸೆಂಕ್ ಸುಫಿಯೋಗ್ಲು, ಮೋಹನ್ ಸಿಂಗ್ ಮುಂತಾದವರು ಇದಕ್ಕೆ ಉತ್ತರ ಕೊಟ್ಟರು. ಮಳೆ ಬಿದ್ದಾಗ ರೈ ಹುಲ್ಲಿನ ಪರಾಗ ನೀರು ಕುಡಿದು ಒಡೆಯುತ್ತದೆ. ಒಂದೊಂದರಿಂದ ಸುಮಾರು 700 ಪಿಷ್ಟದ ಹರಳುಗಳು ಹೊರಬರುತ್ತವೆ. ಅವು ಎದೆಗೆ ಇಳಿಯುವಷ್ಟು ಸಣ್ಣವು. ಆ ಹರಳುಗಳನ್ನು ಅಲರ್ಜಿ ಇದ್ದ ನಾಲ್ವರಿಗೆ ಉಸಿರಾಡಿಸಿ ನೋಡಿದರು. ನಾಳ ಕಿರಿದಾಯಿತು. ನಾಲ್ಕೇ ಜನ. 2016ರ ನವೆಂಬರ್ 21ರ ಸಂಜೆ ಅದೇ ಮೆಲ್ಬರ್ನ್‌ನಲ್ಲಿ ಗುಡುಗು ಮಳೆಯ ಗಾಳಿಗೆ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು, ಹತ್ತು ಜನ ಸತ್ತರು. ಓಡಿದವರಲ್ಲಿ ಭಾರತ, ಶ್ರೀಲಂಕಾ ಮೂಲದವರ ಪಾಲು ಗಣನೀಯವಾಗಿತ್ತು.

ಬೆಂಗಳೂರಿನ ತನಿಖೆ ಚರ್ಮ ಮತ್ತು ರಕ್ತದ ಮೇಲೆ ನಿಂತಿತು. ಅದು ಸರಿಯಾದ ಎಚ್ಚರ ಎಂದೇ ನನ್ನ ಅನಿಸಿಕೆ. ಆದರೆ ಚರ್ಮ ದದ್ದೇಳುವುದು ‘ಪರಿಚಯ ಇದೆ’ ಎಂಬುದರ ಗುರುತು, ‘ಅಪರಾಧ ಮಾಡಿದೆ’ ಎಂಬುದರದಲ್ಲ. ತೋಳಿನ ಮೇಲೆ ಹತ್ತು ಹನಿಗೆ ಹತ್ತು ದದ್ದು ಎದ್ದು, ಅಷ್ಟಕ್ಕೂ ಔಷಧದ ಚೀಟಿ ಹಿಡಿದು ಬಂದವರನ್ನು ನೀವೂ ನೋಡಿರುತ್ತೀರಿ. ಕಳೆಯನ್ನು ತಿನ್ನಿಸಲು ಮೆಕ್ಸಿಕೋದಿಂದ ತಂದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟದ್ದೂ ಆಯಿತು. ಇತ್ತ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ 20,000 ಮಕ್ಕಳ ಆಸ್ಪತ್ರೆ ದಾಖಲೆ ನೋಡಿ ಹೇಳಿದ್ದು: 1979ರಲ್ಲಿ 9% ಇದ್ದ ಅಸ್ತಮಾ 1999ರಲ್ಲಿ 29.5%. ಇಷ್ಟನ್ನೂ ಒಂದು ಹುಲ್ಲಿನ ತಲೆಗೆ ಕಟ್ಟಲಾಗದು. ಅವರು ವಾಹನಗಳ ಹೊಗೆಯನ್ನೂ ನಗರ ಬೆಳೆದ ಪರಿಯನ್ನೂ ಎತ್ತಿ ತೋರಿಸಿದರು.

ಮುಂಬೈಯಲ್ಲಿ ವಿಚಾರಣೆ ಶುರುವಿನಿಂದಲೂ ಹೊಗೆಯ ಮೇಲೆಯೇ. 1970ರ ದಶಕದ ಕೊನೆಗೆ ಕೆಇಎಂ ಆಸ್ಪತ್ರೆಯ ಡಾ. ಎಸ್. ಆರ್. ಕಾಮತ್ ಮತ್ತು ಸಂಗಡಿಗರು ಗಿರಣಿಗಳ ಲಾಲ್‌ಬಾಗ್, ರಿಫೈನರಿ-ರಸಗೊಬ್ಬರದ ಚೆಂಬೂರು, ಅಷ್ಟು ಹೊಗೆಯಿಲ್ಲದ ಖಾರ್ ಮತ್ತು ಒಂದು ಹಳ್ಳಿ ಪ್ರದೇಶದ ಜನರನ್ನು ಹೋಲಿಸಿದರು. ಗಾಳಿ ಕೆಟ್ಟಲ್ಲಿ ಕೆಮ್ಮು, ಏದುಸಿರು ಹೆಚ್ಚು. ಇಲ್ಲಿ ಯಾರನ್ನೂ ಕೋಣೆಯಲ್ಲಿ ಕೂರಿಸಿ ಕೆಣಕಲಿಲ್ಲ. ಊರೇ ಆ ಕೋಣೆ. ವಿಕ್ರೋಳಿ ಚೆಂಬೂರಿಗೆ ಹತ್ತಿರದ ಘಾಟ್ಕೋಪರಿಗೆ ತಾಗಿಕೊಂಡ ಊರು.

ಊರನ್ನೇ ಪುರಾವೆ ಮಾಡಿಕೊಳ್ಳುವ ಈ ದಾರಿ ಎಲ್ಲಿಯ ತನಕ ಹೋಗಬಹುದು ಎಂಬುದಕ್ಕೆ ಬಾರ್ಸಿಲೋನಾ ಒಳ್ಳೆಯ ಉದಾಹರಣೆ. 1981ರಿಂದ 1987ರ ನಡುವೆ ಆ ಬಂದರು ನಗರದಲ್ಲಿ 26 ದಿನ ಇದ್ದಕ್ಕಿದ್ದಂತೆ ಅಸ್ತಮಾ ರೋಗಿಗಳು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಮುಗಿಬಿದ್ದರು. ಮಿಕ್ಕ ದಿನಗಳಲ್ಲಿ ಏನೂ ಇಲ್ಲ. ಜೋಸೆಪ್ ಆಂತೋ, ಜೋರ್ಡಿ ಸುನ್ಯೆರ್ ಮತ್ತು ಅವರ ತಂಡ ಆಸ್ಪತ್ರೆಯ ರಿಜಿಸ್ಟರನ್ನೂ ಬಂದರಿನ ದಫ್ತರವನ್ನೂ ಅಕ್ಕಪಕ್ಕ ಇಟ್ಟರು. ಪ್ರತಿ ಸಲವೂ ಅದೇ ದಿನ ಹಡಗಿನಿಂದ ಸೋಯಾ ಇಳಿಸಿದ್ದರು. ಒಂದು ಕಣಜಕ್ಕೆ ಧೂಳು ತಡೆಯುವ ಫಿಲ್ಟರ್ ಇರಲಿಲ್ಲ. ಗಾಳಿ ಆ ಧೂಳನ್ನು ಊರ ಮೇಲೆ ಹರಡುತ್ತಿತ್ತು. ರೋಗಿಗಳ ರಕ್ತದಲ್ಲಿ ಸೋಯಾ ವಿರುದ್ಧದ ಐಜಿಇ ಪ್ರತಿಕಾಯ ಸಿಕ್ಕಿತು. 1989ರಲ್ಲಿ ವರದಿ ಪ್ರಕಟವಾಯಿತು. ಕಣಜಕ್ಕೆ ಫಿಲ್ಟರ್ ಹಾಕಿದರು, ಆ ಸರಣಿ ನಿಂತಿತು. ಒಬ್ಬ ರೋಗಿಗೂ ಸೋಯಾ ಧೂಳನ್ನು ಉದ್ದೇಶಪೂರ್ವಕವಾಗಿ ಉಸಿರಾಡಿಸುವ ಅಗತ್ಯ ಬೀಳಲಿಲ್ಲ. ಹಡಗುಗಳು ಅದಾಗಲೇ 26 ಸಲ ಆ ಕೆಲಸ ಮಾಡಿ, ದಿನಾಂಕವನ್ನೂ ಬರೆದಿಟ್ಟಿದ್ದವು.

ಕಾಂಜೂರಿನ ಕಸದ ನೆಲೆಯ ಜಗಳ ಈಗ ನ್ಯಾಯಾಲಯಗಳಲ್ಲಿದೆ. 2025ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಅಲ್ಲಿನ ಸುಮಾರು 120 ಹೆಕ್ಟೇರ್ ಜಾಗ ರಕ್ಷಿತ ಅರಣ್ಯ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿಯ ವಾದ ಭೂಮಿ ಯಾರದು, ಕಾಡೇ ಅಲ್ಲವೇ ಎಂಬುದರದು. ಎದೆಯ ಪ್ರಶ್ನೆಗೆ ಬೇಕಾದ ಕಾಗದ ಬೇರೆ. ಕಸದ ಲಾರಿಗಳು ಯಾವ ಹೊತ್ತಿಗೆ ಎಷ್ಟು ಬಂದವು, ಅಂದು ಗಾಳಿ ಯಾವ ಕಡೆ ಬೀಸುತ್ತಿತ್ತು, ಅಂದು ರಾತ್ರಿ ಮತ್ತು ಮರುದಿನ ಘಾಟ್ಕೋಪರಿನ ರಾಜಾವಾಡಿ ಆಸ್ಪತ್ರೆಗೆ, ನಮ್ಮ ಗಲ್ಲಿಯ ಡಾಕ್ಟರುಗಳ ಬಳಿಗೆ, ನೆಬ್ಯುಲೈಜರ್ ಬೇಕೆಂದು ಎಷ್ಟು ಜನ ಬಂದರು. ಮರುದಿನದ್ದೂ ಸೇರಿಸಬೇಕು, ಹೆರ್ಕ್ಸ್‌ಹೈಮರನ ಎರಡನೆಯ ಅಲೆ ಬರುವುದು ತಡವಾಗಿ. ಡಾಕ್ಟರರ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಫೀಜಿಗೆ ಕಾಲಂ ಇರುತ್ತದೆ. ಬಂದ ಹೊತ್ತಿಗೆ ಒಂದು ಕಾಲಂ ಸಾಕು.